ಕಷ್ಟದ ವರ್ಷದಲ್ಲಿ ಕುಸಿದ ಅಂಕಗಳು: ಕಾಲೇಜು ಪ್ರವೇಶಕ್ಕೆ ಉಳಿದಿರುವ ದಾರಿಗಳು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಸಾಗರ, ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗದ ಕಾಲೇಜು ಕಚೇರಿಗಳ ಮುಂದೆ ಪೋಷಕರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: “ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲೆ ತೆಗೆದಿದ್ದ ಸಾರ್, ಈ ವರ್ಷ ಮನೆಯಲ್ಲಿ ಹೀಗಾಗಿಹೋಯ್ತು, ಏನಾದರೂ ಮಾಡೋಕಾಗುತ್ತಾ?” ಹೀಗಾಗಿಹೋದದ್ದು ತಂದೆಯ ಸಾವಿರಬಹುದು, ತಾಯಿಯ ಶಸ್ತ್ರಚಿಕಿತ್ಸೆ ಇರಬಹುದು, ಎಲೆಚುಕ್ಕಿ ರೋಗದಿಂದ ಅಡಿಕೆ ಫಸಲು ಕೈಕೊಟ್ಟು ಸಾಲ ಮೈಮೇಲೆ ಬಂದದ್ದಿರಬಹುದು, ಇಲ್ಲವೇ ವಿದ್ಯಾರ್ಥಿಯೇ ಮಂಗನ ಕಾಯಿಲೆಯಿಂದ ಹಾಸಿಗೆ ಹಿಡಿದದ್ದಿರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಆ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಪೂರ್ವಸಿದ್ಧತಾ ಪರೀಕ್ಷೆಯಿಂದ ಹಿಡಿದು ಸಿಇಟಿ ಮುಗಿಯುವವರೆಗಿನ ತಿಂಗಳುಗಳಲ್ಲಿಯೇ. ಜ್ವರ ಇಳಿದ ಮೇಲೂ ವಾರಗಟ್ಟಲೆ ನಿತ್ರಾಣ ಬಿಡುವುದಿಲ್ಲ.

ಕೇಳಲು ಕಠಿಣವೆನಿಸಿದರೂ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಮ್ಮ ರಾಜ್ಯದ ವೃತ್ತಿಪರ ಕೋರ್ಸುಗಳ ಬಹುಪಾಲು ಸೀಟುಗಳು ರ‍್ಯಾಂಕ್ ಪಟ್ಟಿಯ ಮೂಲಕವೇ ಹಂಚಿಕೆಯಾಗುತ್ತವೆ, ಮತ್ತು ಆ ಪಟ್ಟಿ ತಯಾರಾಗುವ ಯಾವ ಹಂತದಲ್ಲೂ ನಿಮ್ಮ ಕಷ್ಟವನ್ನು ಬರೆಯುವುದಕ್ಕೆ ಜಾಗವಿಲ್ಲ. ಅಧಿಕಾರಿಗಳ ಕೈಕಾಲು ಹಿಡಿದರೂ, ಶಾಸಕರ ಪತ್ರ ತಂದರೂ ಪಟ್ಟಿ ಬದಲಾಗುವುದಿಲ್ಲ. ಆದರೆ ಅದೇ ವ್ಯವಸ್ಥೆಯೊಳಗೆ ಅಂಕ ತಿದ್ದಿಕೊಳ್ಳುವ ಅವಕಾಶಗಳಿವೆ, ಪಿಯುಸಿ ಅಂಕವನ್ನು ಅರ್ಹತೆಗಷ್ಟೇ ನೋಡುವ ಪರೀಕ್ಷೆಗಳಿವೆ, ಮನುಷ್ಯರೇ ಕುಳಿತು ಅರ್ಜಿ ಓದುವ ಕೆಲವು ಸಂಸ್ಥೆಗಳೂ ಇವೆ. ಎಲ್ಲಿ ಲೆಕ್ಕ ಮಾತ್ರ ನಡೆಯುತ್ತದೆ, ಎಲ್ಲಿ ಮಾತು ನಡೆಯುತ್ತದೆ ಎಂಬುದನ್ನು ಬೇರ್ಪಡಿಸಿಕೊಳ್ಳದೆ ಓಡಾಡಿದವರು ಮೇ, ಜೂನ್ ತಿಂಗಳುಗಳನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ.

ಮೊದಲ ಹೆಜ್ಜೆ: ನಿಜವಾದ ನಷ್ಟ ಎಷ್ಟೆಂದು ನೋಡಿಕೊಳ್ಳಿ

ಒಟ್ಟು ಶೇಕಡಾವಾರು ನೋಡಿ ಎದೆಗುಂದುವ ಮೊದಲು ಅಂಕಪಟ್ಟಿಯನ್ನು ವಿಷಯವಾರು ಬಿಡಿಸಿ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ 300 ಅಂಕಗಳನ್ನಷ್ಟೇ ಪರಿಗಣಿಸುವುದರಿಂದ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ 30 ಅಂಕ ಬಿದ್ದಿದ್ದರೆ ಅದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಈ ಮೂರು ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಒಟ್ಟು ಶೇ. 45, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳವರಿಗೆ ಶೇ. 40 ಇದ್ದರೆ ಅರ್ಹತೆ ಉಳಿದಿದೆ ಎಂದರ್ಥ. ವೈದ್ಯಕೀಯ, ದಂತವೈದ್ಯಕೀಯ ಮತ್ತು ಆಯುರ್ವೇದಕ್ಕೆ ನೀಟ್ ಅಂಕವೇ ರ‍್ಯಾಂಕ್. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲಾತಿ ವರ್ಗಗಳಿಗೆ ಶೇ. 40 ಇದ್ದರೆ ಸಾಕು. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸೀಟಿಗೆ ಕಣ್ಣಿಟ್ಟವರು ಪಿಯುಸಿಯಲ್ಲಿ ಶೇ. 92 ಇದ್ದದ್ದು 68 ಆಯಿತೆಂದು ಕೊರಗುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಅಲ್ಲಿ ಆ ಎರಡು ಸಂಖ್ಯೆಗಳಿಗೂ ಒಂದೇ ಬೆಲೆ.

ಸುರತ್ಕಲ್‌ನ ಎನ್‌ಐಟಿಯ ಮಾತು ಬೇರೆ. ಜೆಇಇ ಮೇನ್‌ನಲ್ಲಿ ಎಷ್ಟೇ ಒಳ್ಳೆಯ ರ‍್ಯಾಂಕ್ ಬಂದರೂ ಹನ್ನೆರಡನೇ ತರಗತಿಯಲ್ಲಿ ಶೇ. 75, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 65 ಅಂಕ ಬೇಕು, ಇಲ್ಲವೇ ತಮ್ಮ ಮಂಡಳಿಯ ಮೇಲಿನ 20 ಪರ್ಸೆಂಟೈಲ್ ಒಳಗಿರಬೇಕು. ಶೇ. 73ರಲ್ಲಿ ನಿಂತವರಿಗೆ ಆ ಎರಡು ಶೇಕಡಾ ತುಂಬಿಸಿಕೊಳ್ಳುವುದೇ ಉಳಿದೆಲ್ಲಕ್ಕಿಂತ ಮೊದಲ ಕೆಲಸ.

ಎರಡನೇ ಹೆಜ್ಜೆ: ಅದೇ ವರ್ಷದ ಎರಡನೇ ಪರೀಕ್ಷೆ

2024ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿದೆ; 2024 ಮತ್ತು 2025ರಲ್ಲಿ ಮೂರು ನಡೆದವು. ಅನುತ್ತೀರ್ಣರಾದವರು ಮಾತ್ರವಲ್ಲ, ಪಾಸಾದವರೂ ಫಲಿತಾಂಶ ಸುಧಾರಿಸಿಕೊಳ್ಳಲು ತಮಗೆ ಬೇಕಾದ ವಿಷಯಗಳನ್ನು ಮತ್ತೆ ಬರೆಯಬಹುದು. ಎರಡರಲ್ಲಿ ಯಾವುದು ಹೆಚ್ಚೋ ಆ ಅಂಕ ಉಳಿಯುತ್ತದೆ. ಕಷ್ಟದಲ್ಲಿ ಬಿದ್ದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಅವಕಾಶ ನಮ್ಮ ಪದ್ಧತಿಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ “ಪಾಸಾಗಿದೆಯಲ್ಲ, ಮತ್ತೆ ಬರೆದರೆ ಜನ ಫೇಲಾಗಿದ್ದಾನೆ ಅಂದುಕೊಳ್ಳುತ್ತಾರೆ” ಎಂಬ ಮುಜುಗರಕ್ಕೆ ಎಷ್ಟೋ ಮನೆಗಳಲ್ಲಿ ಇದನ್ನು ಕೈಬಿಡುತ್ತಾರೆ.

ಇಲ್ಲಿ ಕಾಲಾವಕಾಶ ಬಹಳ ಕಡಿಮೆ. 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಏಪ್ರಿಲ್ 8ಕ್ಕೆ ಬಂತು, ಸಿಇಟಿ 16 ಮತ್ತು 17ರಂದು ನಡೆಯಿತು, ಎರಡನೇ ಪರೀಕ್ಷೆ 24ಕ್ಕೇ ಆರಂಭವಾಯಿತು. ಇಷ್ಟು ಇಕ್ಕಟ್ಟಿನಲ್ಲಿ ಆರೂ ವಿಷಯಗಳನ್ನು ಮತ್ತೆ ಓದಲು ಹೊರಟರೆ ಒಂದೂ ಸರಿಯಾಗಿ ಆಗುವುದಿಲ್ಲ. ಆದ್ದರಿಂದ ನೀವು ಸೇರಬೇಕೆಂದಿರುವ ಕೋರ್ಸಿಗೆ ಲೆಕ್ಕಕ್ಕೆ ಬರುವ ವಿಷಯಗಳಲ್ಲಿ ಹೆಚ್ಚು ಬಿದ್ದಿರುವ ಒಂದೋ ಎರಡೋ ವಿಷಯಗಳನ್ನು ಆರಿಸಿಕೊಳ್ಳಿ. ಹಾಗೆ ಆರಿಸುವಾಗ ಅಂಕ ಏಕೆ ಬಿತ್ತೆಂಬುದನ್ನೂ ನೋಡಬೇಕು: ಪಾಠ ಬರುತ್ತಿದ್ದು ಪರೀಕ್ಷೆಯ ದಿನ ಮನಸ್ಸು ನಿಲ್ಲದ ಕಾರಣ ಬಿದ್ದ ಅಂಕವನ್ನು ಎರಡು ವಾರದಲ್ಲಿ ಎತ್ತಬಹುದು, ತರಗತಿಗೇ ಹೋಗದೆ ತಪ್ಪಿಹೋದ ಮೂರು ತಿಂಗಳ ಪಾಠದಿಂದ ಬಿದ್ದ ಅಂಕಕ್ಕೆ ಹೆಚ್ಚು ಸಮಯ ಬೇಕಾಗುವುದರಿಂದ ಆ ವರ್ಷ ಮೂರನೇ ಪರೀಕ್ಷೆ ಇದ್ದರೆ ಅದನ್ನು ಅಲ್ಲಿಗೆ ಇಟ್ಟುಕೊಳ್ಳುವುದು ಲೇಸು. ಮೊದಲನೆಯದರ ನಂತರದ ಪರೀಕ್ಷೆಗಳ ಅಂಕಗಳನ್ನು ಸಿಇಟಿ ರ‍್ಯಾಂಕ್‌ಗೆ ಯಾವ ದಿನಾಂಕದವರೆಗೆ ಸೇರಿಸಿಕೊಳ್ಳುತ್ತಾರೆ ಎಂಬುದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಪ್ರಕಟಣೆಯಲ್ಲಿ ನೀವೇ ಓದಿ, ಸೈಬರ್ ಅಂಗಡಿಯವರ ಬಾಯಿಮಾತನ್ನು ನೆಚ್ಚಬೇಡಿ.

ಮರುಮೌಲ್ಯಮಾಪನ ಬೇಕಿದ್ದರೆ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು, ಆ ವಿಷಯದ ಉಪನ್ಯಾಸಕರಿಗೆ ತೋರಿಸಿ, ಅವರು ಹೌದೆಂದರೆ ಮಾತ್ರ ಹಣ ಕಟ್ಟಿ. ಅದರ ಫಲಿತಾಂಶ ಬರಲೆಂದು ಕಾಯುತ್ತ ಎರಡನೇ ಪರೀಕ್ಷೆಯ ನೋಂದಣಿ ತಪ್ಪಿಸಿಕೊಳ್ಳಬಾರದು.

ಮೂರನೇ ಹೆಜ್ಜೆ: ಸಿಇಟಿಯ ಲೆಕ್ಕ ಅರ್ಥ ಮಾಡಿಕೊಳ್ಳಿ

ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಪಾಲು ಪಿಯುಸಿಯದು, ಅರ್ಧ ಪಾಲು ಸಿಇಟಿಯದು. ಪಿಯುಸಿಯ 300 ಅಂಕ ಮತ್ತು ಸಿಇಟಿಯ 180 ಅಂಕ ಎರಡನ್ನೂ ಶೇಕಡಾವಾರಿಗೆ ತಂದು ಸರಾಸರಿ ಮಾಡುತ್ತಾರೆ. ಹಾಗಾಗಿ ಪಿಯುಸಿಯ 30 ಅಂಕಗಳು ಸಿಇಟಿಯ 18 ಅಂಕಗಳಿಗೆ ಸಮ.

ಒಂದು ಉದಾಹರಣೆ ಹಾಕಿ ನೋಡೋಣ. ಒಬ್ಬ ವಿದ್ಯಾರ್ಥಿನಿ ಮೂರು ವಿಷಯಗಳಲ್ಲಿ 246 ತೆಗೆಯಬೇಕಾದವಳು ಮನೆಯ ಪರಿಸ್ಥಿತಿಯಿಂದ 180ಕ್ಕೆ ಇಳಿದಿದ್ದಾಳೆ ಎಂದುಕೊಳ್ಳಿ, ಶೇ. 82 ಇರಬೇಕಾದದ್ದು 60 ಆಯಿತು. 246 ಬಂದಿದ್ದರೆ ಸಿಇಟಿಯಲ್ಲಿ 90 ಅಂಕ, ಅಂದರೆ ಶೇ. 50 ತೆಗೆದು ಅವಳು ಒಟ್ಟು 66ರಲ್ಲಿ ನಿಲ್ಲುತ್ತಿದ್ದಳು. ಈಗ ಅದೇ 66ಕ್ಕೆ ಸಿಇಟಿಯಲ್ಲಿ ಶೇ. 72, ಅಂದರೆ 130 ಅಂಕ ಬೇಕು. ಇದು ಕಷ್ಟ. ಆದರೆ ಎರಡನೇ ಪರೀಕ್ಷೆಯಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಬರೆದು 30 ಅಂಕ ಹೆಚ್ಚಿಸಿಕೊಂಡರೆ ಸಿಇಟಿಯಲ್ಲಿ 112 ಬಂದರೂ ಅವಳು ಅಲ್ಲಿಗೇ ತಲುಪುತ್ತಾಳೆ. ಹೊರೆಯನ್ನು ಹೀಗೆ ಎರಡು ಕಡೆ ಹಂಚಿದಾಗ ಗುರಿ ಕೈಗೆಟುಕುವಂತಾಗುತ್ತದೆ. ಜೊತೆಗೆ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು; ಪ್ರಥಮ ಪಿಯುಸಿಯ ಪಾಠಗಳಿಂದಲೂ ಪ್ರಶ್ನೆಗಳು ಬರುವುದರಿಂದ, ಕಷ್ಟ ಬರುವ ಮೊದಲು ನೆಮ್ಮದಿಯಲ್ಲಿ ಓದಿದ ಆ ಭಾಗವನ್ನು ಮೊದಲು ಗಟ್ಟಿ ಮಾಡಿಕೊಳ್ಳುವುದು ಜಾಣತನ.

ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಸೀಟುಗಳಿಗೆ ನಡೆಯುವ ಕಾಮೆಡ್‌ಕೆ ಪರೀಕ್ಷೆಯ ರ‍್ಯಾಂಕ್‌ಗೆ ಪಿಯುಸಿ ಅಂಕ ಸೇರುವುದೇ ಇಲ್ಲ, ಅರ್ಹತೆಗಷ್ಟೇ ಅದು ಬೇಕು. ಅಲ್ಲಿನ ಶುಲ್ಕ ಸರ್ಕಾರಿ ಕೋಟಾದ ಸೀಟಿಗಿಂತ ಬಹಳ ಹೆಚ್ಚು. ಈಗಾಗಲೇ ಸಾಲದಲ್ಲಿರುವ ಮನೆಯವರು ಒಂದು ವರ್ಷದ ಶುಲ್ಕವನ್ನಲ್ಲ, ನಾಲ್ಕು ವರ್ಷದ ಶುಲ್ಕವನ್ನು ಮತ್ತು ಬೆಂಗಳೂರಿನ ವಸತಿ ಖರ್ಚನ್ನು ಕೂಡಿಸಿ ನೋಡಿ ತೀರ್ಮಾನಿಸಬೇಕು. ವಿಜ್ಞಾನವನ್ನೋ ಸಮಾಜವಿಜ್ಞಾನವನ್ನೋ ಓದಬೇಕೆನ್ನುವವರಿಗೆ 2022ರಿಂದ ಸಿಯುಇಟಿ ಇದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ನಡೆಯುವುದು ಮುಖ್ಯವಾಗಿ ಆ ಪರೀಕ್ಷೆಯ ಅಂಕದ ಮೇಲೆ. ನಮ್ಮ ಕಡೆಯ ಮಕ್ಕಳು ಈ ಅರ್ಜಿ ಹಾಕುವುದು ಏಕೆ ಇಷ್ಟು ಅಪರೂಪವೋ ತಿಳಿಯದು.

ನಾಲ್ಕನೇ ಹೆಜ್ಜೆ: ಹಕ್ಕಿನ ಪ್ರಮಾಣಪತ್ರಗಳು

ಕಷ್ಟ ಹೇಳಿಕೊಂಡು ಸಿಗದ ರಿಯಾಯಿತಿ ಕೆಲವೊಮ್ಮೆ ಸರಿಯಾದ ಪ್ರಮಾಣಪತ್ರದಿಂದ ಸಿಗುತ್ತದೆ. ಸಿಇಟಿ ಸೀಟುಗಳಲ್ಲಿ ಶೇ. 15 ಗ್ರಾಮೀಣ ವಿದ್ಯಾರ್ಥಿಗಳಿಗೆ, ಶೇ. 5 ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ಪೂರ್ತಿ ವ್ಯಾಸಂಗವನ್ನು ನೋಡುತ್ತಾರೆ. ಏಳನೆಯವರೆಗೆ ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಹಳ್ಳಿಶಾಲೆಯಲ್ಲಿ ಓದಿ ಹೈಸ್ಕೂಲಿಗೆ ಶಿವಮೊಗ್ಗ ಪೇಟೆಗೆ ಬಂದವರು ಗ್ರಾಮೀಣ ಮೀಸಲಾತಿಗೆ ಬರುವುದಿಲ್ಲ, ಆದರೆ ಹೈಸ್ಕೂಲೂ ಕನ್ನಡ ಮಾಧ್ಯಮದ್ದಾಗಿದ್ದರೆ ಕನ್ನಡ ಮಾಧ್ಯಮದ ಮೀಸಲಾತಿಯನ್ನು ಕೇಳಬಹುದು. ಎಷ್ಟೋ ಮಂದಿ ಒಂದು ತಪ್ಪಿತೆಂದು ಇನ್ನೊಂದನ್ನೂ ಬಿಟ್ಟುಬಿಡುತ್ತಾರೆ.

ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿದ್ದರೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೋಧನಾ ಶುಲ್ಕ ವಿನಾಯಿತಿಯ ಹೆಚ್ಚುವರಿ ಸೀಟುಗಳಿಗೆ, ಅಂದರೆ ಎಸ್‌ಎನ್‌ಕ್ಯೂ ಕೋಟಾಕ್ಕೆ ಅರ್ಜಿಯಲ್ಲೇ ಒಪ್ಪಿಗೆ ಸೂಚಿಸಬೇಕು. ತಂದೆ ತೀರಿಕೊಂಡ ಮನೆಗಳಲ್ಲಿ ಒಂದು ತೊಡಕು ಸಾಮಾನ್ಯ: ಹಳೆಯ ಆದಾಯ ಪ್ರಮಾಣಪತ್ರ ಅವರ ಹೆಸರಿನಲ್ಲಿರುತ್ತದೆ, ಪಹಣಿಯೂ ಅವರ ಹೆಸರಿನಲ್ಲೇ ಇರುತ್ತದೆ. ಮರಣ ಪ್ರಮಾಣಪತ್ರದೊಂದಿಗೆ ನಾಡಕಚೇರಿಗೆ ಹೋಗಿ ತಾಯಿಯ ಹೆಸರಿನಲ್ಲಿ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿಕೊಳ್ಳಿ, ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೂ ಅರ್ಜಿ ಹಾಕಿಡಿ. ಜೂನ್‌ನಲ್ಲಿ ಎಲ್ಲರೂ ಸಾಲು ನಿಲ್ಲುವಾಗ ಹೋದರೆ ಸರ್ವರ್ ಇಲ್ಲವೆಂದು ಮೂರು ದಿನ ತಿರುಗಬೇಕಾಗುತ್ತದೆ. ಅದು ಜಡಿಮಳೆಯ ಕಾಲವೂ ಹೌದು.

ಜಮೀನು ಇರುವವರಿಗೆ ಇನ್ನೊಂದು ದಾರಿಯಿದೆ. ಬಿಎಸ್ಸಿ ಕೃಷಿ, ತೋಟಗಾರಿಕೆ, ಅರಣ್ಯ ಮುಂತಾದ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದರ ರ‍್ಯಾಂಕ್‌ಗೆ ಪ್ರಾಯೋಗಿಕ ಪರೀಕ್ಷೆಯ ಅಂಕಗಳೂ ಸೇರುತ್ತವೆ. ಬೀಜ, ಗೊಬ್ಬರ, ಉಪಕರಣ, ಕೀಟ ಗುರುತಿಸಬೇಕಾದ ಈ ಪರೀಕ್ಷೆಯಲ್ಲಿ ತೋಟದ ಕೆಲಸ ಮಾಡಿ ಗೊತ್ತಿದ್ದವರಿಗೆ ಅನುಕೂಲ ಇದ್ದೇ ಇದೆ. ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಮನೆಬಾಗಿಲಲ್ಲೇ ಇರುವಾಗ ಇದನ್ನು ಮರೆಯಬಾರದು.

ಐದನೇ ಹೆಜ್ಜೆ: ಕಷ್ಟವನ್ನು ಬರೆದು ತಿಳಿಸಬೇಕಾದ ಕಡೆ

ಸಂದರ್ಶನ ನಡೆಸುವ ಖಾಸಗಿ ವಿಶ್ವವಿದ್ಯಾಲಯಗಳು, ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳು, ವಿದೇಶದ ವಿಶ್ವವಿದ್ಯಾಲಯಗಳು ಮತ್ತು ಸಮುದಾಯದ ವಿದ್ಯಾರ್ಥಿನಿಲಯಗಳಲ್ಲಿ ಅರ್ಜಿಯನ್ನು ಓದುವ ಮನುಷ್ಯರಿರುತ್ತಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಪದವಿ ಪ್ರವೇಶಕ್ಕೆ ಪ್ರವೇಶ ಪರೀಕ್ಷೆಯೊಂದಿಗೆ ಸಂದರ್ಶನವನ್ನೂ ನಡೆಸುತ್ತದೆ, ಕುಟುಂಬದ ಸ್ಥಿತಿ ನೋಡಿ ಶುಲ್ಕದ ನೆರವನ್ನೂ ಕೊಡುತ್ತದೆ. ಇಂಥ ಕಡೆ ಒಂದು ಪುಟ ಮೀರದ ವಿವರಣಾ ಪತ್ರ ನಿಜಕ್ಕೂ ಕೆಲಸ ಮಾಡುತ್ತದೆ.

ಆ ಪತ್ರದಲ್ಲಿ ನಾಲ್ಕು ಸಂಗತಿಗಳಿದ್ದರೆ ಸಾಕು: ಮೊದಲು ಹೇಗೆ ಓದುತ್ತಿದ್ದಿರಿ, ಏನಾಯಿತು ಮತ್ತು ಯಾವಾಗ, ಅದರಿಂದ ಓದಿಗೆ ಏನಾಯಿತು, ಈಗ ಪರಿಸ್ಥಿತಿ ಹೇಗಿದೆ. ಕೊನೆಯದು ಬಹಳ ಮುಖ್ಯ, ಏಕೆಂದರೆ ಓದುವವರ ಮನಸ್ಸಿನಲ್ಲಿರುವ ಪ್ರಶ್ನೆ ನೀವು ಎಷ್ಟು ನೊಂದಿದ್ದೀರಿ ಎಂಬುದಲ್ಲ, ಇಲ್ಲಿಗೆ ಬಂದ ಮೇಲೆ ಓದಬಲ್ಲಿರಾ ಎಂಬುದು. ಹೊಸನಗರ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿ ಬರೆಯುವುದಾದರೆ ಪತ್ರದ ಮುಖ್ಯಭಾಗ ಹೀಗಿರಬಹುದು:

“ಪ್ರಥಮ ಪಿಯುಸಿಯಲ್ಲಿ ನನಗೆ ಶೇ. 88, ದ್ವಿತೀಯ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಶೇ. 86 ಅಂಕಗಳು ಬಂದಿದ್ದವು. ನವೆಂಬರ್ 12ರಂದು ನನ್ನ ತಂದೆಯವರಿಗೆ ಪಾರ್ಶ್ವವಾಯು ಆಗಿ, ಜನವರಿ ಕೊನೆಯವರೆಗೆ ಚಿಕಿತ್ಸೆ ನಡೆಯಿತು. ಅದು ಅಡಿಕೆ ಕೊಯ್ಲಿನ ಕಾಲವಾಗಿದ್ದು, ಮನೆಯಲ್ಲಿ ಬೇರೆ ಗಂಡಸರಿಲ್ಲದ ಕಾರಣ ಕೊನೆ ಕೊಯ್ಯಿಸುವುದು, ಸುಲಿಸುವುದು, ಬೇಯಿಸುವುದು ಎಲ್ಲವನ್ನೂ ತಾಯಿ ಮತ್ತು ನಾನು ನೋಡಿಕೊಂಡೆವು. ಆ ಅವಧಿಯಲ್ಲಿ 31 ದಿನ ತರಗತಿಗೆ ಗೈರುಹಾಜರಾಗಿದ್ದೇನೆ. ಕಾಲೇಜಿನ ಹಾಜರಾತಿ ವಿವರ ಮತ್ತು ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಲಗತ್ತಿಸಿದ್ದೇನೆ. ವಾರ್ಷಿಕ ಪರೀಕ್ಷೆಯಲ್ಲಿ ಶೇ. 64 ಬಂತು. ಏಪ್ರಿಲ್‌ನಿಂದ ನನ್ನ ಚಿಕ್ಕಪ್ಪ ತೋಟ ನೋಡಿಕೊಳ್ಳುತ್ತಿದ್ದಾರೆ. ಎರಡನೇ ಪರೀಕ್ಷೆಯಲ್ಲಿ ನನ್ನ ಗಣಿತದ ಅಂಕ 58ರಿಂದ 81ಕ್ಕೆ ಏರಿದೆ.”

ಇದರಲ್ಲಿ ದುಃಖದ ವರ್ಣನೆಯಿಲ್ಲ, ವಿಧಿಯನ್ನು ಹಳಿಯುವುದಿಲ್ಲ, “ದಯವಿಟ್ಟು ಕರುಣೆ ತೋರಿ” ಎಂಬ ಮಾತೂ ಇಲ್ಲ. ದಿನಾಂಕ, ಸಂಖ್ಯೆ, ದಾಖಲೆ ಒಂದಕ್ಕೊಂದು ಹೊಂದುತ್ತವೆ. ಎರಡನೇ ಪರೀಕ್ಷೆಯ ಆ ಒಂದು ಸಾಲು ಉಳಿದ ಇಡೀ ಪತ್ರಕ್ಕಿಂತ ಹೆಚ್ಚು ಹೇಳುತ್ತದೆ. ಪತ್ರದೊಂದಿಗೆ ನಿಮ್ಮನ್ನು ಎರಡು ವರ್ಷ ನೋಡಿದ ಉಪನ್ಯಾಸಕರೊಬ್ಬರಿಂದ ಶಿಫಾರಸು ಪತ್ರ ಪಡೆಯಿರಿ. ಪ್ರಾಂಶುಪಾಲರ ಮುದ್ರೆಯಿರುವ “ಉತ್ತಮ ನಡತೆಯುಳ್ಳವರು” ಎಂಬ ಸಿದ್ಧ ಒಕ್ಕಣೆಗಿಂತ ಅದು ಮೇಲು. ಮಂಗನ ಕಾಯಿಲೆಯಂಥ ಸಂದರ್ಭದಲ್ಲಿ ರಕ್ತಪರೀಕ್ಷೆಯ ವರದಿ, ಒಳರೋಗಿಯಾಗಿದ್ದ ದಿನಗಳ ದಾಖಲೆ ಇಟ್ಟುಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಮಣಿಪಾಲದಲ್ಲೋ ಚಿಕಿತ್ಸೆ ಮುಗಿಸಿ ಬರುವಾಗ ಬಿಡುಗಡೆ ಪತ್ರವನ್ನು ಕೈಚೀಲದಲ್ಲಿ ಮಡಚಿ ಇಟ್ಟು ಮರೆಯುವ ಬದಲು ಅಂದೇ ಅದರ ಫೋಟೊ ತೆಗೆದಿಡುವುದು ಒಳ್ಳೆಯದು.

ಹೇಳಿಕೊಳ್ಳಲಾಗದ ಕಷ್ಟಗಳೂ ಇರುತ್ತವೆ. ತಂದೆಯ ಕುಡಿತ, ಮನೆಯಲ್ಲಾದ ಆತ್ಮಹತ್ಯೆ, ವಿದ್ಯಾರ್ಥಿಯದೇ ಖಿನ್ನತೆ ಇಂಥವನ್ನು ಹೊರಗೆ ಹೇಳಿದರೆ ಮರ್ಯಾದೆ ಹೋಗುತ್ತದೆಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ, ಮುಂದೆ ತಂಗಿಯ ಮದುವೆಗೆ ತೊಡಕಾಗುತ್ತದೆ ಎನ್ನುವವರೂ ಇದ್ದಾರೆ. ಎಲ್ಲವನ್ನೂ ಬಿಡಿಸಿ ಬರೆಯಬೇಕಾಗಿಲ್ಲ. “ಕುಟುಂಬದಲ್ಲಿ ಸಂಭವಿಸಿದ ಸಾವು” ಎಂದೋ, “ಈ ಅವಧಿಯಲ್ಲಿ ವೈದ್ಯಕೀಯ ಚಿಕಿತ್ಸೆಯಲ್ಲಿದ್ದೆ” ಎಂದೋ ಬರೆದರೆ ಸಾಕು, ವೈದ್ಯರಿಗೂ ಕಾಯಿಲೆಯ ಹೆಸರಿಲ್ಲದೆ ಚಿಕಿತ್ಸೆಯ ಅವಧಿಯನ್ನಷ್ಟೇ ನಮೂದಿಸಿ ಕೊಡುವಂತೆ ಕೇಳಬಹುದು. ಆದರೆ ಸುಳ್ಳು ಕಾರಣ ಮಾತ್ರ ಬರೆಯಬೇಡಿ, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಬಿಚ್ಚಿಕೊಳ್ಳುತ್ತದೆ. ಮನಸ್ಸು ಇನ್ನೂ ಸುಧಾರಿಸದೆ ಇದ್ದರೆ ಪತ್ರಕ್ಕಿಂತ ಮೊದಲು ಚಿಕಿತ್ಸೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ.

ಆರನೇ ಹೆಜ್ಜೆ: ಈ ವರ್ಷ ಸೇರುವುದೋ, ಒಂದು ವರ್ಷ ಕಾಯುವುದೋ

ಕಷ್ಟ ಮುಗಿದಿದ್ದರೆ ಮಾತ್ರ ಒಂದು ವರ್ಷ ಬಿಟ್ಟು ಮತ್ತೆ ನೀಟ್ ಅಥವಾ ಸಿಇಟಿ ಬರೆಯುವುದಕ್ಕೆ ಅರ್ಥವಿದೆ. ತಂದೆ ಇನ್ನೂ ಹಾಸಿಗೆಯಲ್ಲಿದ್ದು, ತೋಟದ ಕೆಲಸವೂ ನಿಮ್ಮ ಮೇಲೆಯೇ ಇದ್ದು, “ಮನೆಯಲ್ಲೇ ಓದುತ್ತೇನೆ” ಎಂದರೆ ಆ ವರ್ಷವೂ ಹಿಂದಿನದರಂತೆಯೇ ಆಗುತ್ತದೆ. ಅಂಥವರು ಹತ್ತಿರದ ಪದವಿ ಕಾಲೇಜು ಸೇರುವುದೇ ಸರಿ ಎನ್ನುತ್ತೇನೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜುಗಳಲ್ಲಿ, ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಿಯುಸಿ ಪಾಸಾದವರಿಗೆ ಬಾಗಿಲು ತೆರೆದೇ ಇದೆ, ಅರ್ಜಿಯನ್ನು ಯುಯುಸಿಎಂಎಸ್ ಜಾಲತಾಣದಲ್ಲಿ ಹಾಕಬೇಕು. ಪದವಿಯಲ್ಲಿ ಚೆನ್ನಾಗಿ ಓದಿದವರು ಮುಂದೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸಿಗೋ, ಬಿಎಡ್‌ಗೋ, ಮೂರು ವರ್ಷದ ಕಾನೂನು ಪದವಿಗೋ, ಪಿಜಿಸಿಇಟಿ ಮೂಲಕ ಎಂಸಿಎ, ಎಂಬಿಎಗೋ ಹೋಗುವಾಗ ಅಲ್ಲಿ ನೋಡುವುದು ಪದವಿಯ ಅಂಕಗಳನ್ನು, ಪ್ರವೇಶ ಪರೀಕ್ಷೆ ಇರುವ ಕಡೆ ಅದರ ಫಲಿತಾಂಶವನ್ನು; ಪಿಯುಸಿಯ ಶೇ. 58 ಅಲ್ಲಿಗೆ ಹಿಂಬಾಲಿಸುವುದಿಲ್ಲ. ಆದರೆ ಕ್ಯಾಂಪಸ್ ಆಯ್ಕೆಗೆ ಬರುವ ಕೆಲವು ಕಂಪನಿಗಳು ಎಸ್ಸೆಸ್ಸೆಲ್ಸಿಯಿಂದಲೂ ಶೇ. 60 ಕೇಳುವ ರೂಢಿಯಿದೆ. 56, 57ರಲ್ಲಿ ನಿಂತವರು ಎರಡನೇ ಪರೀಕ್ಷೆ ಬರೆಯುವುದಕ್ಕೆ ಅದೂ ಒಂದು ಕಾರಣ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದೆಂಬುದೂ ನೆನಪಿರಲಿ.

ಮ್ಯಾನೇಜ್‌ಮೆಂಟ್ ಸೀಟು ಕೊಡಿಸುವೆನೆಂದು ಫೋನ್ ಮಾಡುವವರಿಗೆ ಮುಂಗಡ ಕೊಡಬೇಡಿ. ಬೇಕೇ ಆದರೆ ಕಾಲೇಜಿಗೆ ನೀವೇ ಹೋಗಿ ಶುಲ್ಕ ಕೇಳಿ, ಕಟ್ಟಿದ್ದಕ್ಕೆಲ್ಲ ರಸೀದಿ ತೆಗೆದುಕೊಳ್ಳಿ.

ಕೊನೆಯ ಹೆಜ್ಜೆ: ಆಪ್ಷನ್ ಎಂಟ್ರಿ

ಆಪ್ಷನ್ ಎಂಟ್ರಿ ಎಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಜಾಲತಾಣದಲ್ಲಿ ನಮೂದಿಸುವುದು. ನಿರೀಕ್ಷಿಸಿದ್ದಕ್ಕಿಂತ ಹಿಂದಿನ ರ‍್ಯಾಂಕ್ ಬಂದವರು ಇಲ್ಲಿ ಇನ್ನೊಮ್ಮೆ ಸೋಲುತ್ತಾರೆ. ಹೆಸರು ಕೇಳಿದ ಹತ್ತು ಕಾಲೇಜುಗಳನ್ನು ಹಾಕಿ ಕುಳಿತರೆ ಯಾವುದೂ ಬಾರದೆ ಹೋಗಬಹುದು. ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕ್‌ಗಳನ್ನು ಪ್ರಾಧಿಕಾರದ ಜಾಲತಾಣದಲ್ಲಿ ನಿಮ್ಮ ವರ್ಗದ ಸಾಲಿನಲ್ಲಿ ನೋಡಿ. ಗ್ರಾಮೀಣ, ಕನ್ನಡ ಮಾಧ್ಯಮದ ಸಾಲುಗಳು ಅಲ್ಲಿ ಬೇರೆಯೇ ಇರುತ್ತವೆ. ಬೇಕಾದದ್ದನ್ನು ಮೇಲೆ, ಸಿಗಬಹುದಾದದ್ದನ್ನು ಕೆಳಗೆ ಹಾಕುತ್ತ ಪಟ್ಟಿಯನ್ನು ಉದ್ದ ಮಾಡಿ, ಸಿಕ್ಕರೂ ಸೇರದ ಕಾಲೇಜನ್ನು ಮಾತ್ರ ಹಾಕಬೇಡಿ. ಅಣಕು ಹಂಚಿಕೆಯ ಫಲಿತಾಂಶ ನೋಡಿದ ಮೇಲೆ ಕ್ರಮವನ್ನು ತಿದ್ದಲು ಅವಕಾಶವಿರುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರಿನವರು ಕೊನೆಯ ದಿನದವರೆಗೆ ಕಾಯದೆ, ಎರಡು ದಿನ ಮೊದಲೇ ತಾಲ್ಲೂಕು ಕೇಂದ್ರಕ್ಕೆ ಹೋಗಿ ಪಟ್ಟಿಯನ್ನು ಸೇವ್ ಮಾಡಿ, ಅದರ ಒಂದು ಮುದ್ರಿತ ಪ್ರತಿಯನ್ನು ಮೂಲ ದಾಖಲೆಗಳ ಜೊತೆ ಇಟ್ಟುಕೊಳ್ಳಬೇಕು.